ಬೀಬಿಯ ತಟ್ಟೆಯ ಹೆಸರುಕಾಳು

ಅಲ್ ಹಿಲಾಲ್, ದೋಹಾ
೧೨ ಮಾರ್ಚ್ ೨೦೨೨, ಶನಿವಾರ

ಲೀನಾ ಬಾಯೆ,

ಈ ಕಾಲದಲ್ಲಿ ಕಾಗದ ಬರೆಯುವವರು ಯಾರು ಎಂದು ನಗಬಹುದು ನೀನು. ನಗು. ಫೋನಿನಲ್ಲಿ ನಾನು ಹತ್ತು ಮಾತು ಆಡಿದರೆ ನೀನು ಹತ್ತು ಸಲ ‘ಹೂಂ’ ಎನ್ನುತ್ತಿ, ಆಮೇಲೆ ‘ಇಡ್ತೇನೆ ಪಪ್ಪಾ’ ಎನ್ನುತ್ತಿ. ಕಾಗದಕ್ಕೆ ಹೂಂ ಎನ್ನಲಿಕ್ಕೆ ಬರುವುದಿಲ್ಲ. ನಮ್ಮ ಬೀದಿಯ ಗ್ರೋಸರಿಯ ಮೊಯ್ದಿನ್ ಕುಂಞಿ ಸೋಮವಾರ ಊರಿಗೆ ಹೊರಟಿದ್ದಾರೆ. ಅವರ ತಂಗಿಯ ಮನೆ ಶಿರ್ವದಲ್ಲೇ ಇರುವುದರಿಂದ ಇದನ್ನು ನಿನ್ನ ಕೈಗೇ ತಲುಪಿಸುತ್ತಾರೆ. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ಶಾಲೆಯಲ್ಲಿ ನನಗೆ ಬರೆಯಲು ಕಲಿಸಿದ್ದು ಕನ್ನಡ. ನೀನು ಟೀಚರ್ ಎಂದು ಕೆಂಪು ಗೀಟು ಹಾಕಬೇಡ.

ನಿನ್ನೆ ನನ್ನಿಂದ ಒಂದು ತಪ್ಪಾಯಿತು. ಇಪ್ಪತ್ತಾರು ವರ್ಷ ಬೇರೆಯವರ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದೇನೆ, ಇಂಥದ್ದು ಆಗಿರಲಿಲ್ಲ.

ಈ ಮನೆಯ ಅಜ್ಜಿಯ ಹೆಸರು ಗೋಲಂದಾಮ್. ಎಲ್ಲರೂ ಬೀಬಿ ಎನ್ನುತ್ತಾರೆ, ಅವರ ಕಡೆ ಹಾಗೆಂದರೆ ಅಜ್ಜಿ. ವಯಸ್ಸು ಎಂಬತ್ತರ ಹತ್ತಿರ. ಮಗ ಜಾಸಿಮ್ ಸರ್ಕಾರಿ ಕಚೇರಿಯಲ್ಲಿ ಇದ್ದಾರೆ, ಮೊಮ್ಮಗಳು ದಾನಾ ಕಾಲೇಜಿಗೆ ಹೋಗುತ್ತಾಳೆ. ಉಡುಪು, ಮಾತು, ಪಾಸ್‌ಪೋರ್ಟು ಎಲ್ಲ ಇಲ್ಲಿಯದೇ. ಆದರೆ ಬೀಬಿಯವರ ಅಪ್ಪ ಸಮುದ್ರದ ಆಚೆ ದಡದ ಪರ್ಷಿಯಾದ ಬೆಟ್ಟದ ಊರಿನಿಂದ ದೋಣಿಯಲ್ಲಿ ಬಂದವರು. ಬೀಬಿ ಈಗಲೂ ಒಬ್ಬರೇ ಇದ್ದಾಗ ಅಲ್ಲಿಯ ಭಾಷೆಯಲ್ಲೇ ಗೊಣಗುವುದು. ನನ್ನ ಹತ್ತಿರ ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ. ನಮಗೆ ಸಾಕಾಗುತ್ತದೆ.

ನಿನ್ನೆ ಶುಕ್ರವಾರ. ನಮಗೆ ಕರೆಜ್ಮದ ಉಪವಾಸದ ದಿನ, ಮೀನು ಮಾಂಸ ಇಲ್ಲ. ಬೆಳಿಗ್ಗೆ ಇಗರ್ಜಿಗೆ ಹೋಗಿ ಬಂದು ಅಡುಗೆಮನೆಗೆ ಕಾಲಿಟ್ಟರೆ ಕಿಟಕಿಯ ಹತ್ತಿರ ಒಂದು ಸ್ಟೀಲ್ ತಟ್ಟೆ. ಒದ್ದೆ ಬಟ್ಟೆ ಎತ್ತಿ ನೋಡಿದೆ. ಹೆಸರುಕಾಳು, ಚಂದಕ್ಕೆ ಮೊಳಕೆ ಬಂದಿದೆ. ಬೀಬಿ ನನ್ನ ಉಪವಾಸಕ್ಕೆಂದು ನೆನೆಹಾಕಿಟ್ಟಿದ್ದಾರೆ, ಎಷ್ಟು ಒಳ್ಳೆಯ ಜನ ಎಂದುಕೊಂಡೆ. ನಮ್ಮ ಕಡೆಯವನ ಕಣ್ಣಿಗೆ ಮೊಳಕೆ ಬಂದ ಹೆಸರು ಬಿದ್ದರೆ ಮುಂದೆ ಎಂತ ಆಗುತ್ತದೆಂದು ನಿನಗೆ ಹೇಳಬೇಕಾ. ಸಿಪ್ಪೆ ತೊಳೆದು ತೆಗೆದೆ, ತೆಂಗಿನಕಾಯಿ ತುರಿದೆ, ಕೊತ್ತಂಬರಿ ಮೆಣಸು ಹುರಿದು ಹುಣಸೆಹುಳಿಯೊಡನೆ ಅರೆದೆ, ಗಸಿ ಮಾಡಿದೆ. ನಿನ್ನ ಮಮ್ಮಿ ಮಾಡುತ್ತಿದ್ದ ಹಾಗೆ ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ.

ಬೀಬಿ ಎರಡು ಸಲ ಹಾಕಿಸಿಕೊಂಡು ಉಂಡರು. ‘ವಾಲೇರ್, ಇದು ಎಂಥದು?’ ಎಂದರು. ‘ನಮ್ಮ ಊರಿನದು ಬೀಬಿ’ ಎಂದೆ. ಕೈ ತೊಳೆದು ಮಂಡಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು, ಚೊಂಬಿನಲ್ಲಿ ನೀರು ಹಿಡಿದು. ತಟ್ಟೆ ತೊಳೆದು ಕವುಚಿ ಇಟ್ಟಿದ್ದೆ ನಾನು. ಬೀಬಿ ತಟ್ಟೆಯನ್ನೂ ನೋಡಿದರು, ಪಾತ್ರೆಯನ್ನೂ ನೋಡಿದರು. ಆಮೇಲೆ ನನ್ನನ್ನು.

‘ನನ್ನ ವರ್ಷ ಎಲ್ಲಿ, ವಾಲೇರ್?’ ಎಂದು ಕೇಳಿದರು.

ಅದು ಅವರ ಹೊಸ ವರ್ಷದ ತಟ್ಟೆ ಬಾಯೆ. ಇಪ್ಪತ್ತನೇ ತಾರೀಕಿಗೆ ಅವರ ನೌರೋಜ್. ಆ ದಿನಕ್ಕೆ ತಟ್ಟೆಯಲ್ಲಿ ಹಸಿರು ಒಂದು ಗೇಣು ಎದ್ದಿರಬೇಕು. ಇಷ್ಟು ವರ್ಷ ತಮ್ಮ ಕೋಣೆಯ ಕಿಟಕಿಯಲ್ಲಿ ಇಡುತ್ತಿದ್ದರಂತೆ, ನನಗೆ ಹೇಗೆ ಗೊತ್ತಾಗಬೇಕು? ಈ ಸಲ ಮಂಡಿ ನೋವೆಂದು ನೀರಿಗೆ ಹತ್ತಿರ ಇಟ್ಟಿದ್ದಾರೆ. ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ತಟ್ಟೆ ಇಲ್ಲದ ವರ್ಷ ಬಂದಿಲ್ಲ. ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇನ್ನು ಎಂಟು ದಿನ ಉಳಿದಿದೆ. ಮೊಯ್ದಿನ್ ಕುಂಞಿಯವರ ಅಂಗಡಿಯಿಂದ ಹೊಸ ಹೆಸರುಕಾಳು ತಂದು ನಿನ್ನೆಯೇ ನೆನೆಹಾಕಿದ್ದೇನೆ. ಬರುತ್ತದೋ ಇಲ್ಲವೋ, ಇವತ್ತು ಇನ್ನೂ ಕಣ್ಣೂ ಬಿಟ್ಟಿಲ್ಲ.

ಇನ್ನೊಂದು ಮಾತು. ಡ್ಯಾರೆಲ್‌ನ ತಾಯಿ ಫೋನ್ ಮಾಡಿದ್ದರು. ನಿಮ್ಮಿಬ್ಬರ ಮದುವೆ ಮೇ ಹದಿನಾರಕ್ಕೆ ಗಟ್ಟಿ, ಆದರೆ ಹಿಂದಿನ ದಿನದ ರೋಸ್ ಶಾಸ್ತ್ರ ಬೇಡ ಎಂದು ನೀನು ಹೇಳಿದ್ದಿಯಂತೆ. ತೆಂಗಿನ ಹಾಲು ಹಚ್ಚದೆ ನಮ್ಮ ಕಡೆಯಲ್ಲಿ ಹುಡುಗಿಯನ್ನು ಮನೆಯಿಂದ ಕಳಿಸಿದ್ದನ್ನು ನಾನು ನೋಡಿಲ್ಲ. ಏಕೆ ಬೇಡ ಎಂದು ನಾನು ಕೇಳುವುದಿಲ್ಲ. ಕೇಳಿದ ಹಾಗೆ ಆಯಿತಾದರೆ ಕ್ಷಮಿಸು.

ಗಸಿ ಮಾಡಿ ಕೆಟ್ಟ
ನಿನ್ನ ಪಪ್ಪ

*

ಶಿರ್ವ
೨೪ ಮಾರ್ಚ್ ೨೦೨೨

ಪಪ್ಪಾ,

ಕೆಂಪು ಗೀಟು ಹಾಕಲಿಲ್ಲ. ಮೊಯ್ದಿನ್ ಕುಂಞಿಯವರೇ ಸ್ಕೂಟರಿನಲ್ಲಿ ಬಂದು ಕೊಟ್ಟುಹೋದರು. ‘ನಿನ್ನ ಅಪ್ಪ ಆ ಅಜ್ಜಿಯ ಹಬ್ಬವನ್ನೇ ಊಟ ಮಾಡಿಬಿಟ್ಟ ಮಗಳೇ’ ಎಂದು ನಕ್ಕರು. ನತಾಲಿಯಾ ಮಾವ್ಶಿಗೆ ಓದಿ ಹೇಳಿದೆ. ‘ನನ್ನ ತಂಗಿಯ ಕೈಯಡುಗೆ ಉಂಡ ವಲೇರಿಯನ್ ಭಾವನಿಗೆ ಮೊಳಕೆ ಕಂಡರೆ ಗಸಿಯಲ್ಲದೆ ಬೇರೆ ಎಂತ ನೆನಪಾಗಬೇಕು’ ಎಂದರು. ತಟ್ಟೆ ಬಂತಾ? ಬೀಬಿ ಮಾತಾಡಿದರಾ? ಅಷ್ಟನ್ನು ಬರೆಯಿರಿ.

ರೋಸ್ ವಿಷಯ. ಮೊದಲು ಡ್ಯಾರೆಲ್ ಮನೆಯವರು ಹಾಲ್ ಹಿಡಿದು, ಡಿಜೆ ತರಿಸಿ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ ಮಾಡುವ ಎಂದರು. ಬೇಡ ಎಂದೆ. ಹಾಗಾದರೆ ಮನೆಯಂಗಳದಲ್ಲಿ ಹಳೇ ಕ್ರಮದಲ್ಲೇ ಆಗಲಿ ಎಂದರು. ಅದೂ ಬೇಡ ಎಂದೆ. ಡ್ಯಾರೆಲ್ ಒಳ್ಳೆಯವನು, ಕಾರಣ ಕೇಳಲಿಲ್ಲ. ನೀವು ಕೇಳಿದಿರಿ, ಕೇಳುವುದಿಲ್ಲ ಎನ್ನುತ್ತಾ.

ಮಣೆಯ ಮೇಲೆ ಕೂತ ಹುಡುಗಿಗೆ ಮೊದಲು ಹಾಲು ಹಚ್ಚುವುದು ಯಾರು ಪಪ್ಪಾ? ವೋವಿಯೊ ಹಾಡುವವರು ಯಾರು? ನಮ್ಮ ವಾಡೆಯ ಅಕ್ಕಪಕ್ಕದ ಮನೆಗಳ ಎಲ್ಲ ಹುಡುಗಿಯರ ರೋಸಿಗೆ ಹಾಡಿದ್ದು ಮಮ್ಮಿ. ಎಲ್ಲ ಹುಡುಗಿಯರದ್ದು ಆಯಿತು. ನಾನು ಅಲ್ಲಿ ಕೂತು ಸುತ್ತ ನೋಡಲಾರೆ.

ಆ ವರ್ಷದ ಮಾತು ನಾನು ಎತ್ತುವುದಿಲ್ಲ. ನೀವೂ ಎತ್ತಬೇಡಿ.

ಲೀನಾ

*

ಅಲ್ ಹಿಲಾಲ್
೩ ಏಪ್ರಿಲ್ ೨೦೨೨, ಭಾನುವಾರ

ಲೀನಾ ಬಾಯೆ,

ತಟ್ಟೆ ಬಂತು. ಒಂದು ಗೇಣು ಬರಲಿಲ್ಲ, ನಾಲ್ಕು ಬೆರಳು ಬಂತು. ಒಂಬತ್ತು ದಿನ ನಾನು ಅದಕ್ಕೆ ಬಿಸಿಲು ತೋರಿಸಿದ್ದೇನು, ನೀರು ಚಿಮುಕಿಸಿದ್ದೇನು. ಎಸಿ ಗಾಳಿ ತಾಗಬಾರದೆಂದು ರಟ್ಟಿನ ಗೋಡೆ ಕಟ್ಟಿದ್ದೆ. ನೀನು ಹುಟ್ಟಿದಾಗಲೂ ಇಷ್ಟು ಮಾಡಲಿಲ್ಲವೆಂದು ನಿನ್ನ ಮಮ್ಮಿ ಇದ್ದಿದ್ದರೆ ಹೇಳುತ್ತಿದ್ದಳು. ಮೂರನೇ ದಿನ ಬೀಬಿ ಕೋಣೆಯಿಂದ ಬಂದು ನೋಡಿ, ‘ಇದನ್ನು ಯಾವಾಗ ಬೇಯಿಸುತ್ತಿ?’ ಎಂದರು. ಅಲ್ಲಿಗೆ ಮಾತು ಶುರುವಾಯಿತು.

ಹೊಸ ವರ್ಷ ಹುಟ್ಟುವುದಕ್ಕೆ ಅವರಲ್ಲಿ ಗಳಿಗೆ ಉಂಟು. ಸೂರ್ಯ ದಾಟುವ ಹೊತ್ತು. ಈ ಸಲ ಇಪ್ಪತ್ತನೇ ತಾರೀಕು ಸಂಜೆ ಆರೂವರೆ. ಬೀಬಿ ನೆಲದ ಮೇಲೆ ಬಟ್ಟೆ ಹಾಸಿ ಕನ್ನಡಿ ಇಟ್ಟರು. ನಾನು ಬೆಳ್ಳುಳ್ಳಿ, ಸೇಬು, ವಿನೆಗರ್, ಹೀಗೆ ಒಂದೊಂದೇ ತಂದಿಟ್ಟೆ. ನಡುವೆ ನಮ್ಮ ಹೆಸರುಕಾಳಿನ ತಟ್ಟೆ. ದಾನಾ ಫೋನ್ ಬದಿಗಿಟ್ಟು ಕೂತಳು. ಜಾಸಿಮ್ ಬಾಗಿಲ ಹತ್ತಿರ ನಿಂತರು. ಪ್ರತಿ ವರ್ಷ ಅಲ್ಲೇ ನಿಲ್ಲುವುದಂತೆ. ಚಿಕ್ಕವರಿದ್ದಾಗ ಶಾಲೆಯಲ್ಲಿ ‘ಅಜಮಿ, ಅಜಮಿ’ ಎಂದು ಆಚೆ ದಡದವನೆಂದು ಚುಡಾಯಿಸುತ್ತಿದ್ದರಂತೆ, ಅಂದಿನಿಂದ ತಾಯಿಯ ಭಾಷೆಯನ್ನು ಬಾಯಿಗೆ ತಂದವರಲ್ಲ.

ಹೊತ್ತಿಗೆ ಇನ್ನೂ ಕಾಲು ಗಂಟೆ ಇತ್ತು. ದಾನಾ ಕೇಳಿದಳು, ‘ಬೀಬಿ, ನಾವು ಯಾರು? ಕಾಲೇಜಲ್ಲಿ ಕೇಳುತ್ತಾರೆ.’ ಬೀಬಿ ಕಥೆ ಹೇಳಿದರು. ನನಗೆ ಅರ್ಥವಾಗಲೆಂದು ನಡುನಡುವೆ ಹಿಂದಿ ಸೇರಿಸಿ ಹೇಳಿದರು. ನನಗೆ ತಲುಪಿದಷ್ಟನ್ನು ನಿನಗೆ ದಾಟಿಸುತ್ತೇನೆ.

ಒಂದಾನೊಂದು ಕಾಲಕ್ಕೆ ಪರ್ಷಿಯಾ ಎಂಬ ದೊಡ್ಡ ರಾಜ್ಯ. ರಾಜನ ಕಿರೀಟ ಎಷ್ಟು ಭಾರವೆಂದರೆ ಅದನ್ನು ತಲೆಯ ಮೇಲೆ ಇಡುತ್ತಿರಲಿಲ್ಲವಂತೆ, ಸರಪಳಿಯಿಂದ ತೂಗಿಬಿಟ್ಟು ರಾಜ ಅದರ ಕೆಳಗೆ ಕೂರುತ್ತಿದ್ದನಂತೆ. ಮರಳುಗಾಡಿನಿಂದ ಅರಬರು ಬಂದರು. ಯುದ್ಧವಾಯಿತು, ರಾಜ ಓಡಿದ, ಸರಪಳಿ ತುಂಡಾಯಿತು. ಜನ ನಿಧಾನಕ್ಕೆ ಹೊಸ ಧರ್ಮ ತೆಗೆದುಕೊಂಡರು, ಅದು ಅವರದ್ದೇ ಆಯಿತು. ಅಕ್ಷರವನ್ನೂ ತೆಗೆದುಕೊಂಡರು. ಆದರೆ ಆ ಅಕ್ಷರದಲ್ಲಿ ಬರೆದದ್ದು ತಮ್ಮ ಮಾತನ್ನು. ಆಮೇಲೆ ತುರ್ಕರು ಬಂದರು, ಆಮೇಲೆ ಮಂಗೋಲರು ಬಂದು ಊರುಗಳನ್ನೇ ಸುಟ್ಟರು. ‘ಬಂದವರಿಗೆ ಹಸಿವಾಗುತ್ತದಲ್ಲ’ ಎಂದರು ಬೀಬಿ. ‘ಕುದುರೆಯಿಂದ ಇಳಿದು ನಮ್ಮ ಚಾಪೆಯ ಮೇಲೆ ಕೂತರು, ನಮ್ಮ ರೊಟ್ಟಿ ತಿಂದರು. ಅವರ ಮೊಮ್ಮಕ್ಕಳು ಎದ್ದಾಗ ನಮ್ಮ ಮಾತು ಆಡುತ್ತಿದ್ದರು, ನಮ್ಮ ಹೊಸ ವರ್ಷಕ್ಕೆ ಹೊಸ ಬಟ್ಟೆ ಕೇಳುತ್ತಿದ್ದರು.’

‘ಅರಮನೆಯಲ್ಲಿ ಯಾರು ಕೂತರೂ ಅಡುಗೆಮನೆಯಲ್ಲಿ ಒಬ್ಬಳು ಅಜ್ಜಿ ಇದ್ದೇ ಇದ್ದಳು ದಾನಾ. ಅವಳು ಮಾರ್ಚ್ ಬಂದರೆ ಕಾಳು ನೆನೆಹಾಕುತ್ತಿದ್ದಳು. ಅಷ್ಟೇ ಮಾಡಿದ್ದು. ನನ್ನ ಅಮ್ಮ ದೋಣಿ ಹತ್ತಿದಾಗ ಸೆರಗಿನ ತುದಿಯಲ್ಲಿ ಒಂದು ಹಿಡಿ ಹೆಸರುಕಾಳು ಕಟ್ಟಿಕೊಂಡಿದ್ದಳು, ಬೇರೆ ಎಂತದೂ ತರಲಿಲ್ಲ. ಈಗ ನೋಡು, ಅದನ್ನು ವಾಲೇರ್ ತಿಂದ.’

‘ನೀವೂ ಎರಡು ಸಲ ಹಾಕಿಸಿಕೊಂಡಿರಿ ಬೀಬಿ’ ಎಂದೆ. ದಾನಾ ನಕ್ಕು ಉರುಳಿದಳು.

ಗಳಿಗೆ ಬಂತು. ಬೀಬಿ ಕಣ್ಣು ಮುಚ್ಚಿ ಏನೋ ಹೇಳಲು ಶುರುಮಾಡಿದರು, ಅವರ ಅಮ್ಮ ಹೇಳುತ್ತಿದ್ದ ಹೊಸ ವರ್ಷದ ಹರಕೆಯ ಮಾತು. ಅರ್ಧಕ್ಕೆ ನಿಂತರು. ಮುಂದಿನದು ಬರಲಿಲ್ಲ. ವಯಸ್ಸು ನೋಡು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಗ ಬಾಗಿಲ ಹತ್ತಿರದಿಂದ ಜಾಸಿಮ್ ಉಳಿದ ಅರ್ಧ ಹೇಳಿದರು, ಆಚೆ ದಡದ ಭಾಷೆಯಲ್ಲಿ, ಒಂದೂ ತಪ್ಪದೆ. ಹೇಳಿ ಮುಗಿಸಿ ಬಂದು ತಾಯಿಯ ಹತ್ತಿರ ನೆಲದ ಮೇಲೆ ಕೂತರು. ಬೀಬಿ ಮಗನನ್ನು ನೋಡಲಿಲ್ಲ, ಕನ್ನಡಿಯಲ್ಲಿ ನೋಡಿದರು.

ನಿನ್ನೆ ಹದಿಮೂರನೇ ದಿನ. ಆ ದಿನ ತಟ್ಟೆಯ ಹಸಿರನ್ನು ನೀರಿಗೆ ಬಿಡಬೇಕು. ನಿನ್ನೆಯೇ ರಂಜಾನಿನ ಮೊದಲ ಉಪವಾಸವೂ. ಜಾಸಿಮ್ ‘ಇವತ್ತು ಬೇಡ ಅಮ್ಮಾ, ದಣಿಯುತ್ತೀರಿ’ ಎಂದರೆ ‘ಸಮುದ್ರಕ್ಕೇನು ಉಪವಾಸವಾ? ಯಲ್ಲಾ, ನಡಿ’ ಎಂದು ಕಾರು ಹತ್ತಿದರು. ನೀರಿಗೆ ಬಿಡುವ ಮೊದಲು ಮದುವೆಯಾಗದ ಹುಡುಗಿಯರು ಆ ಹಸಿರಿಗೆ ಗಂಟು ಹಾಕಿ ಬೇಡಿಕೊಳ್ಳುತ್ತಾರಂತೆ. ದಾನಾ ನಾಚಿಕೆಯಿಂದ ಒಲ್ಲೆ ಎಂದಳು. ಬೀಬಿ ತಟ್ಟೆಯನ್ನು ನನ್ನ ಕಡೆ ಹಿಡಿದು, ‘ನಿನ್ನ ಮಗಳಿಗೆ ನೀನು ಹಾಕು’ ಎಂದರು. ನನ್ನ ಈ ದಪ್ಪ ಬೆರಳಿನಲ್ಲಿ ಎರಡು ಎಳೆ ಹಿಡಿದು ಗಂಟು ಹಾಕಿದೆ. ಏನು ಬೇಡಿದೆನೆಂದು ಹೇಳಬಾರದಂತೆ.

ಎತ್ತಬೇಡ ಎಂದಿದ್ದಿ. ಒಂದೇ ಸಲ ಎತ್ತುತ್ತೇನೆ, ಕಾಗದ ಹರಿದರೂ ಸರಿ. ೨೦೨೦ರ ಫೆಬ್ರವರಿಯಲ್ಲಿ ನನಗೆ ರಜೆ ಸಿಕ್ಕಿತ್ತು. ಬೀಬಿಯವರ ಕಣ್ಣಿನ ಆಪರೇಷನ್ ಆಗಲಿ, ಪಾಸ್ಕಾ ಹಬ್ಬಕ್ಕೆ ಬರುತ್ತೇನೆ ಎಂದು ಮುಂದೆ ಹಾಕಿದವನು ನಾನು. ಯಾರೂ ತಡೆಯಲಿಲ್ಲ. ಮಾರ್ಚಿನಲ್ಲಿ ವಿಮಾನ ನಿಂತಿತು, ಜುಲೈಯಲ್ಲಿ ನಿನ್ನ ಮಮ್ಮಿ, ನನ್ನ ಅಪೊಲೋನಿಯಾ, ಹೋದಳು. ಮಾವ್ಶಿ ಫೋನ್ ಹಿಡಿದು ಮಣ್ಣು ಹಾಕುವುದನ್ನು ತೋರಿಸಿದಾಗ ನಾನು ನಿಂತಿದ್ದದ್ದು ಈ ಅಡುಗೆಮನೆಯ ಕಿಟಕಿಯಲ್ಲಿ, ತಟ್ಟೆ ಇಟ್ಟ ಜಾಗದಲ್ಲೇ. ಫೋನ್ ಕೈಯಿಂದ ಜಾರಿದಾಗ ಹೆಕ್ಕಿ ಮತ್ತೆ ಹಿಡಿದುಕೊಟ್ಟದ್ದು ಬೀಬಿ. ಆಪರೇಷನ್ನೂ ಜೂನಿನ ತನಕ ಮುಂದೆ ಹೋಗಿತ್ತು, ಕಣ್ಣಿಗೆ ಇನ್ನೂ ಪಟ್ಟಿ ಇತ್ತು. ಮುಗಿಯುವ ತನಕ ನನ್ನ ಪಕ್ಕ ನಿಂತಿದ್ದರು.

ಗೋವೆಯಲ್ಲಿ ಪೋರ್ಚುಗೀಸರು ನಮ್ಮವರಿಗೆ ತೆಂಗಿನ ಹಾಲು ಹಚ್ಚಬೇಡಿ, ವೋವಿಯೊ ಹಾಡಬೇಡಿ ಎಂದು ಹುಕುಂ ಮಾಡಿದ್ದರಂತೆ, ನನ್ನ ಅಜ್ಜಿ ಹೇಳುತ್ತಿದ್ದಳು. ಹೆಸರು ಬದಲಾಯಿತು, ದೇವರು ಬದಲಾದ, ಊರು ಬಿಟ್ಟು ಇತ್ತ ಬಂದೆವು. ಹಾಲು ಬಿಡಲಿಲ್ಲ. ಬೀಬಿಯ ಕಥೆ ಕೇಳುವಾಗ ಇದು ನೆನಪಾಯಿತು ಎಂದು ಬರೆದೆ, ಒತ್ತಾಯಕ್ಕಲ್ಲ.

ನಿನ್ನ ಪಪ್ಪ

*

ಶಿರ್ವ
೧೯ ಏಪ್ರಿಲ್ ೨೦೨೨

ಪಪ್ಪಾ,

ಕಾಗದ ಹರಿಯಲಿಲ್ಲ. ಎರಡು ವಾರ ಪುಸ್ತಕದೊಳಗೆ ಇಟ್ಟಿದ್ದೆ.

ಬೀಬಿ ಪಕ್ಕದಲ್ಲಿ ನಿಂತಿದ್ದರೆಂದು ನನಗೆ ಗೊತ್ತಿರಲಿಲ್ಲ. ಆ ದಿನ ಫೋನಿನಲ್ಲಿ ನಿಮ್ಮ ಮುಖ ಹೋಗಿ ಮೇಲಿನ ಸೀಲಿಂಗ್ ಕಂಡಿತು. ಆಮೇಲೆ ನಾನು ಫೋನಿನ ಕಡೆ ನೋಡಲೇ ಇಲ್ಲ, ನೀವು ಫೋನ್ ಇಟ್ಟು ಹೋದಿರಿ ಎಂದುಕೊಂಡೆ. ಇಷ್ಟು ದಿನ ಹಾಗೆಂದೇ ತಿಳಿದಿದ್ದೆ.

ಪಾಸ್ಕಾದ ದಿನ ನತಾಲಿಯಾ ಮಾವ್ಶಿಗೆ ನಿಮ್ಮ ಕಾಗದದ ಕಥೆ ಹೇಳಿದೆ. ಅವರು ಪಾತ್ರೆ ತಿಕ್ಕುತ್ತಾ ಮಮ್ಮಿಯ ವೋವಿಯೊ ಒಂದನ್ನು ಎತ್ತಿದರು. ಮೊದಲನೆಯ ನುಡಿ, ಶಿಲುಬೆಯದ್ದು, ಪೂರ್ತಿ ಬಂತು. ಮುಂದೆ ಬರಲಿಲ್ಲ. ‘ಆಮೇಲಿನದೆಲ್ಲ ಅಪೊಲಿನ್ ಬಾಯಿಂದ ಕಟ್ಟುತ್ತಿದ್ದಳು, ಬರೆದಿಟ್ಟವರು ಯಾರು’ ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ನಿಮಗೆ ನೆನಪುಂಟಾ? ಇದ್ದರೆ ಬರೆಯಿರಿ. ರೋಸ್ ಮಾಡುತ್ತೇನೆ ಎಂದು ಇದರ ಅರ್ಥ ಅಲ್ಲ.

ಈ ಕಾಗದ ರಜೆ ಮುಗಿಸಿ ದೋಹಾಕ್ಕೆ ಹೊರಟ ನಿಮ್ಮ ಇಂಡಸ್ಟ್ರಿಯಲ್ ಏರಿಯಾದ ಬ್ರಯನ್ ಕೈಯಲ್ಲಿ ಬರುತ್ತದೆ. ಜೊತೆಗಿರುವ ಹಪ್ಪಳ ಬೀಬಿಗೆ.

ಲೀನಾ

*

ಅಲ್ ಹಿಲಾಲ್
೨೯ ಏಪ್ರಿಲ್ ೨೦೨೨

ಬಾಯೆ,

ನೆನಪುಂಟಾ ಎಂದು ಕೇಳಿದಿ. ಕಾಗದ ಹಿಡಿದು ಕೂತರೆ ಒಂದು ಅಕ್ಷರ ಬರಲಿಲ್ಲ. ನಾನು ವೋವಿಯೊ ಕೇಳಿದ್ದು ಕೂತುಕೊಂಡಲ್ಲ. ರಜೆಯಲ್ಲಿ ಬಂದಾಗಲೆಲ್ಲ ವಾಡೆಯ ರೋಸಿಗೆ ಹಾಲು ಹಿಂಡುವ ಕೆಲಸ ನನ್ನದು. ಹೆಂಗಸರು ಚಪ್ಪರದೊಳಗೆ, ನಾನು ಹಿಂದೆ, ಹೆರೆಮಣೆಯ ಮೇಲೆ. ಅದಕ್ಕೆ ನಿನ್ನೆ ಇಲ್ಲಿ ಹೆರೆಮಣೆ ಹಾಕಿ ತೆಂಗಿನಕಾಯಿ ತುರಿಯಲು ಕೂತೆ. ಎರಡನೆಯ ಗಡಿ ಕಾಯಿ ತುರಿಯುವಾಗ ಅಪೊಲೋನಿಯಾಳ ಧ್ವನಿ ಬಂತು. ಬೀಬಿ ಕುರ್ಚಿ ಎಳೆದುಕೊಂಡು ಕೂತು ‘ಇನ್ನೊಂದು ತುರಿ, ಇನ್ನೊಂದು ಬರುತ್ತದೆ’ ಎಂದು ಹೇಳುತ್ತಿದ್ದರು. ಐದು ಕಾಯಿ ಆಯಿತು. ಇಡೀ ಮನೆಗೆ ಎರಡು ದಿನ ತೆಂಗಿನಕಾಯಿಯದ್ದೇ ಅಡುಗೆ.

ಎರಡನೆಯದು ಹೀಗೆ, ಕೊಂಕಣಿಯಲ್ಲಿ ಹಾಡಿಕೋ: ಬಾವಿಯ ನೀರಿಗೆ ಬಾವಿಯ ರುಚಿ, ಅಂಗಳದ ಕಾಯಿಗೆ ಅಂಗಳದ ಹಾಲು, ಹೋದ ಮನೆಯಲ್ಲೂ ಹುಡುಗಿಯ ಕೈಗೆ ಈ ಮನೆಯದ್ದೇ ಪರಿಮಳ ಬರಲಿ.

ನಾಲ್ಕನೆಯದು ಅತ್ತೆಮನೆಯ ಒಲೆಯ ತಮಾಷೆಯದ್ದು, ಮಾವ್ಶಿಗೆ ಒಂದು ಸಾಲು ಹೇಳಿದರೆ ಸಾಕು, ಉಳಿದದ್ದು ಬರುತ್ತದೆ: ಒಲೆ ಊದಿ ಊದಿ ಅತ್ತೆಯ ಮೂಗು ಕಪ್ಪು.

ಮೂರನೆಯದು ಬರುವುದಿಲ್ಲ. ಎಷ್ಟು ತುರಿದರೂ ಬರಲಿಲ್ಲ.

ನಾನು ಮೇ ಹತ್ತಕ್ಕೆ ಬರುತ್ತೇನೆ. ಟಿಕೆಟ್ ಆಗಿದೆ, ಈ ಸಲ ಮುಂದೆ ಹಾಕುವ ಮಾತೇ ಇಲ್ಲ. ಬೀಬಿಯವರ ಮಂಡಿಯ ಆಪರೇಷನ್ ಮೇ ತಿಂಗಳಲ್ಲೇ ಎಂದು ಡಾಕ್ಟರ್ ಹೇಳಿದ್ದರು. ಬೀಬಿ ಅದನ್ನು ಜೂನಿಗೆ ಹಾಕಿಸಿದ್ದಾರೆ. ‘ಕಣ್ಣು ಒಂದು ಸಲ ಸಾಕು, ಮಂಡಿ ಕಾಯಲಿ’ ಎಂದರು.

ರೋಸ್ ಇರಲಿ ಇಲ್ಲದಿರಲಿ, ನಿನ್ನನ್ನು ಇಗರ್ಜಿಯೊಳಗೆ ಕರೆದೊಯ್ಯುವವನು ನಾನೇ ಅಲ್ಲವಾ. ಬೂಟು ಪಾಲಿಶ್ ಮಾಡಿಸಿದ್ದೇನೆ.

ಪಪ್ಪ

*

ಬಜ್ಪೆ
೧೨ ಜೂನ್ ೨೦೨೨

ಪ್ರೀತಿಯ ಪಪ್ಪಾ,

ನೀವು ಹಿಂದೆ ಹೋಗಿ ಹತ್ತು ದಿನವಾಯಿತು. ಇದು ಅತ್ತೆಮನೆಯಿಂದ ನನ್ನ ಮೊದಲ ಕಾಗದ. ಅತ್ತೆಯ ಮೂಗು ಕಪ್ಪಿಲ್ಲ, ಗ್ಯಾಸ್ ಒಲೆ ಉಂಟು. ಆ ಹಾಡಿಗೆ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕಿದ್ದರು.

ನೀವು ಇದ್ದಾಗ ಹೇಳಲು ಆಗದ್ದನ್ನು ಈಗ ಬರೆಯುತ್ತೇನೆ. ನಿಮ್ಮದೇ ಉಪಾಯ, ಕಾಗದಕ್ಕೆ ಹೂಂ ಎನ್ನಲು ಬರುವುದಿಲ್ಲ.

ರೋಸ್ ಆಗಲಿ ಎಂದು ನಾನು ಹೇಳಿದ್ದು ಮೇ ಹದಿನಾಲ್ಕರ ಸಂಜೆ. ನೀವು ಏಕೆ ಈಗ ಎಂದು ಕೇಳಲಿಲ್ಲ. ಮರುದಿನ ಎದ್ದು ನೋಡಿದರೆ ಅಂಗಳದಲ್ಲಿ ನೀವು ಮೊದಲೇ ತರಿಸಿದ್ದ ಇಪ್ಪತ್ತು ಕಾಯಿ ಸುಲಿದು ಇಟ್ಟಿದ್ದವು, ಹೆರೆಮಣೆ ತೊಳೆದಿತ್ತು. ನಾನು ಬೇಡ ಎಂದೇ ಹೇಳಿದ್ದರೆ ಆ ಕಾಯಿಗಳನ್ನೆಲ್ಲ ಎಂತ ಮಾಡುತ್ತಿದ್ದಿರಿ? ಗಸಿಯಾ?

ಮಣೆಯ ಮೇಲೆ ಕೂತಾಗ ಸುತ್ತ ನೋಡಬಾರದೆಂದು ತಲೆ ತಗ್ಗಿಸಿದ್ದೆ. ಮಾವ್ಶಿ ಮೊದಲನೆಯದು ಹಾಡಿದರು, ನಿಮ್ಮ ಕಾಗದ ನೋಡಿಕೊಂಡು ಎರಡನೆಯದೂ ಆಯಿತು. ಆಮೇಲೆ ನಿಂತರು. ಮೂರನೆಯದರ ಜಾಗ ಖಾಲಿ ಎಂದು ಎಲ್ಲರಿಗೂ ಗೊತ್ತಿತ್ತು, ನಾಲ್ಕನೆಯದಕ್ಕೆ ಹಾರುವುದು ಎಂದು ಮೊದಲೇ ಮಾತಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಹೆರೆಮಣೆಯ ಸದ್ದು ನಿಂತಿತು. ನೀವು ಹಾಡಿದಿರಿ. ಗಂಡಸರು ವೋವಿಯೊ ಎತ್ತುವ ಕ್ರಮ ಇಲ್ಲ ಎಂದು ವಾಡೆಯ ಹಿರಿಯರಾದ ಗುರ್ಕಾರರು ಬಾಯಿ ತೆರೆದರು, ಅವರ ಹೆಂಡತಿ ಕಣ್ಣಲ್ಲೇ ಸುಮ್ಮನಿರಿಸಿದರು.

ದೂರ ಹೋದವನ ಪಾಲಿನ ಬಟ್ಟಲು ಹಾಲು ತೆಗೆದಿಡಿ, ಮಗಳ ತಲೆಗೆ ಹಚ್ಚಲು ಅವನು ಬಂದೇ ಬರುತ್ತಾನೆ.

ಊರಿನಲ್ಲಿ ಅಪ್ಪ ಗಲ್ಫಿನಲ್ಲಿರುವ ಎಲ್ಲ ಹುಡುಗಿಯರ ರೋಸಿಗೂ ಮಮ್ಮಿ ಅದನ್ನು ಹಾಡುತ್ತಿದ್ದರು ಎಂದು ಆಮೇಲೆ ಹೆಂಗಸರಿಗೆಲ್ಲ ನೆನಪಾಯಿತು. ನಿಮಗೆ ಅದು ಮರೆತಿರಲಿಲ್ಲ ಅಲ್ಲವಾ ಪಪ್ಪಾ? ಬರೆಯಲು ಆಗಲಿಲ್ಲ, ಅಷ್ಟೇ. ಉತ್ತರ ಬೇಡ.

ನಿಮ್ಮ ಕೈ ನನ್ನ ತಲೆಯ ಮೇಲೆ ಬಂದಾಗ ತೆಂಗಿನ ಹಾಲು ಬಿಸಿಯಾಗಿತ್ತು. ಅಷ್ಟು ಹೊತ್ತು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಿದ್ದಿರಿ ಎಂದು ಕಾಣುತ್ತದೆ.

ಬೀಬಿಯವರ ಮಂಡಿ ಹೇಗಾಯಿತು? ದಾನಾ ಆ ಹರಕೆಯನ್ನು ಅಪ್ಪನಿಂದ ಕಲಿಯುತ್ತಿದ್ದಾಳೆಂದು ನೀವು ಹೇಳಿದ್ದಿರಿ. ಪೂರ್ತಿ ಬಂತಾ? ನಾನೂ ಮೂರನೆಯದನ್ನು ಕಲಿತೆ. ಪಾತ್ರೆ ತಿಕ್ಕುವಾಗ ಬರುತ್ತದೆ.

ಮೊಯ್ದಿನ್ ಕುಂಞಿಯವರ ಕೈಯಲ್ಲಿ ಎರಡು ಪೊಟ್ಟಣ ಕಳಿಸುತ್ತಿದ್ದೇನೆ. ಎರಡರಲ್ಲೂ ನಮ್ಮ ಗದ್ದೆಯ ಹೆಸರುಕಾಳು, ಮಾವ್ಶಿ ಬಿಸಿಲಿಗೆ ಹಾಕಿ ಕೊಟ್ಟದ್ದು. ಕೆಂಪು ದಾರ ಕಟ್ಟಿದ್ದು ಬೀಬಿಯವರ ಕೋಣೆಗೆ, ಬರುವ ಮಾರ್ಚಿಗೆ. ಬಿಳಿ ದಾರದ್ದು ನಿಮಗೆ, ಗಸಿಗೆ.

ಅಡುಗೆಮನೆಯ ಕಿಟಕಿಯಲ್ಲಿ ಎರಡನ್ನೂ ಒಟ್ಟಿಗೆ ಇಡಬೇಡಿ.

ನಿಮ್ಮ
ಲೀನಾ